ಮೇಲಿನ ಮನೆಯ ಕಾಕಾ ಮೆತ್ತಿದ ಬಿರುಕು

ಕಳೆದ ವಾರ ಸಾಂತಾಕ್ರೂಜ್‌ನ ನಮ್ಮ ಮನೆಯ ಹಾಲ್‌ನಲ್ಲಿ ಪೇಂಟರ್ ಬಿರುಕು ಮೆತ್ತುವ ಪುಟ್ಟಿಯ ಡಬ್ಬಿ ತೆರೆದ. ಮೇಲಿನ ಫ್ಲ್ಯಾಟಿನವರು ನೆಲದ ಟೈಲ್ಸ್ ಒಡೆಸಿದ್ದರಿಂದ ನಮ್ಮ ಫಾಲ್ಸ್ ಸೀಲಿಂಗ್‌ನ ಎರಡು ಬೋರ್ಡುಗಳು ಕೂಡುವಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅವನು ಪುಟ್ಟಿಗೆ ಒಂದಿಷ್ಟು ನೀರು ಬೆರೆಸಿ ಕಲಸುತ್ತಿದ್ದಂತೆ ಆ ವಾಸನೆ ಎದ್ದಿತು. ಸುಣ್ಣದ ಹಾಗೆ, ಆದರೆ ಸುಣ್ಣದ ಘಾಟಿಲ್ಲದ, ಮಳೆಯಲ್ಲಿ ನೆನೆದ ಚಾಕ್‌ಪೀಸಿನಂಥ ವಾಸನೆ… ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಇಷ್ಟು ವರ್ಷಗಳ ಮೇಲೆ, ಮೇಲಿನ ಮನೆಯ ಕಾಕಾ ನೆನಪಾಗಿದ್ದರು.

ಆಗ ನಾವು ವಿಲೆ ಪಾರ್ಲೆ ಈಸ್ಟ್‌ನಲ್ಲಿ ಬಾಡಿಗೆಗಿದ್ದೆವು. ಹಳೆಯ ಬಿಲ್ಡಿಂಗ್, ಲಿಫ್ಟ್ ಇಲ್ಲ. ಮೊದಲ ಮಾಳಿಗೆಯಲ್ಲಿ ನಾವು. ನಮ್ಮ ನೆತ್ತಿಯ ಮೇಲೆ, ಎರಡನೆಯದರಲ್ಲಿ, ಗದಗ ಕಡೆಯ ವಯಸ್ಸಾದ ಗಂಡ ಹೆಂಡತಿ. ಮಕ್ಕಳಿರಲಿಲ್ಲ. ಎರಡೂ ಮನೆಗಳ ಮಾಲಕ ಒಬ್ಬನೇ. ನನ್ನ ಗಂಡ ಕುಂದಾಪುರದವರು, ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ನನ್ನ ಮಗಳಿಗೆ ಆಗಿನ್ನೂ ಕೂರಲು ಬರುತ್ತಿರಲಿಲ್ಲ. ಬಿಲ್ಡಿಂಗಿನ ಮರಾಠಿಯವರು ಆ ಹಿರಿಯರನ್ನು ಕಾಕಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಕಾಕು. ಗದಗದಲ್ಲೂ ಚಿಕ್ಕಪ್ಪನನ್ನು ಹಾಗೇ ಕರೆಯುವುದರಿಂದ ಅವರಿಗೂ ಅದು ಹಿತವಾಗಿತ್ತು. ನಾನೂ ಹಾಗೆಯೇ ಕರೆದೆ. ಅವರು ಜೋಗೇಶ್ವರಿಯ ಪ್ಲಾಸ್ಟಿಕ್ ಬಕೆಟ್ ಮಾಡುವ ಸಣ್ಣ ಯುನಿಟ್ ಒಂದರಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ಇಷ್ಟು ಬಿಟ್ಟರೆ ಬಹಳ ದಿನ ನನಗೆ ಅವರ ಬಗ್ಗೆ ಬೇರೇನೂ ಗೊತ್ತಿರಲಿಲ್ಲ.

ಮಳೆಗಾಲ ಶುರುವಾದ ಹೊಸತರಲ್ಲಿ ನಮ್ಮ ಮಂಚದ ನೇರ ಮೇಲೆ, ಸ್ಲ್ಯಾಬಿನ ಕೆಳಗೆ ಬೋರ್ಡು ಹೊಡೆದ ಸೀಲಿಂಗ್‌ನಲ್ಲಿ ಒಂದು ಗೆರೆ ಕಂಡಿತು. ನಾಲ್ಕು ದಿನಕ್ಕೆ ಅದರ ಸುತ್ತ ಹಳದಿ ಕಲೆ ಹರಡಿತು. ಮೇಲೆ ಇನ್ನೊಂದು ಮನೆಯಿರುವಾಗ ಮಳೆನೀರು ಬರಲು ಸಾಧ್ಯವಿಲ್ಲ. ನನ್ನ ಗಂಡ ಕೇಳಲು ಹೋದರು. ಕಾಕಾ ಬಾಗಿಲನ್ನು ಗೇಣಗಲ ಮಾತ್ರ ತೆರೆದು, ಆ ಸಂದಿಯನ್ನು ತಮ್ಮ ಮೈಯಿಂದ ಮುಚ್ಚಿ ನಿಂತು ಮಾತಾಡಿದರಂತೆ. ಬಾತ್‌ರೂಮಿನ ಪೈಪ್ ಸೋರುತ್ತಿದೆ, ಮಾಡಿಸುತ್ತೇನೆ, ಮಾಲಕನಿಗೆ ಹೇಳಬೇಡಿ ಎಂದರಂತೆ. ಮರುದಿನ ತಾವೇ ಪುಟ್ಟಿ ಡಬ್ಬಿ, ತಗಡಿನ ಪಟ್ಟಿ, ಬಲೆಯಂಥ ಟೇಪ್ ಹಿಡಿದುಕೊಂಡು ಇಳಿದು ಬಂದರು.

ಕೆಲಸ ಅವರಿಗೆ ಬರುತ್ತಿರಲಿಲ್ಲ. ಅಂಗಡಿಯವನು ಹೇಳಿದ್ದನ್ನು ನೆನಪಿಟ್ಟುಕೊಂಡು ಬಂದಿದ್ದರು, ಅಷ್ಟೇ. ಬಿರುಕನ್ನು ಕೆರೆದು ಅಗಲ ಮಾಡಿ, ಟೇಪ್ ಅಂಟಿಸಿ, ಅದರ ಮೇಲೆ ಪುಟ್ಟಿ ಎಳೆದರು. ಅರ್ಧ ಅವರ ತಲೆಯ ಮೇಲೆಯೇ ಬಿತ್ತು. ಒಣಗಿದ ಮೇಲೆ ಇನ್ನೊಮ್ಮೆ ಬಂದು ಪಾಲಿಶ್ ಪೇಪರಿನಲ್ಲಿ ಉಜ್ಜಿದರು. ಸೀಲಿಂಗ್‌ನ ಮೇಲೆ ಒಂದು ಉಬ್ಬಿದ ಗಾಯದ ಕಲೆ ಉಳಿಯಿತು. ಕೆಲಸದುದ್ದಕ್ಕೂ ಅವರು ಮೇಲಿನ ಸದ್ದಿಗೆ ಕಿವಿ ಕೊಟ್ಟೇ ಇದ್ದರು. ಚಹಾ ಕೊಟ್ಟರೆ ನಿಂತೇ ಕುಡಿದು ಓಡಿದರು.

"ಇದೆಂಥ ಸೀಲಿಂಗ್ ಮಾರಾಯ್ತಿ, ಹರಿದ ಚಡ್ಡಿಗೆ ತೇಪೆ ಹಾಕಿದ ಹಾಗೆ ಉಂಟು" ಎಂದರು ನನ್ನ ಗಂಡ. ನಕ್ಕೆವು.

ಎರಡು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಬಿರುಕು. ಮತ್ತೆ ಕಾಕಾ. ಹೀಗೇ ಆಗುತ್ತ, ಒಂದು ಮಧ್ಯಾಹ್ನ ಹಾಲು ಕುಡಿಸಲೆಂದು ಮಗಳನ್ನು ಮಂಚದಿಂದ ಎತ್ತಿಕೊಂಡಿದ್ದೆ. ಮೇಲೆ ಏನೋ ಚಟ್ಟೆಂದ ಸದ್ದು. ನೋಡುತ್ತಿದ್ದಂತೆ ಬಿರುಕಿನಿಂದ ನೀರು ಸುರಿಯಿತು. ನೆನೆದ ಪುಟ್ಟಿಯ ಒಂದು ಹೆಂಟೆ ಮಗು ಮಲಗಿದ್ದ ದಿಂಬಿನ ಮೇಲೆ ಬಿತ್ತು.

ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ ಅವರ ಬಾಗಿಲು ಬಡಿದೆ. ಬೈಯಲು ಬೇಕಾದ ಮಾತೆಲ್ಲ ಬಾಯಲ್ಲಿತ್ತು. ಬಾಗಿಲು ತೆರೆಯಿತು.

ಅಡುಗೆಮನೆಯಿಂದ ಹೊರಕೋಣೆಯವರೆಗೆ ನೀರೇ ನೀರು. ಅದರ ನಡುವೆ ಕಾಕು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಿಂತಿದ್ದರು. ಮನೆಯ ಪಾತ್ರೆಗಳೆಲ್ಲ ನೆಲದ ಮೇಲಿದ್ದವು. ಹಂಡೆ, ಕೊಡ, ಕುಕ್ಕರ್, ಚಹಾದ ಪಾತ್ರೆ, ಬಟ್ಟಲು, ಚಮಚ ಇಡುವ ಡಬ್ಬಿ, ಎಲ್ಲವೂ ತುಂಬಿ ತುಳುಕುತ್ತಿದ್ದವು. ಕಾಕಾ ಒಂದು ಹಳೆಯ ಸೀರೆಯಿಂದ ನೀರು ಬಳಿದು ಬಳಿದು ಬಕೆಟ್ಟಿಗೆ ಹಿಂಡುತ್ತಿದ್ದರು. ಕಾಕು ನನ್ನನ್ನು ಕಂಡು, ಹಬ್ಬದ ದಿನ ಬಂದ ತಂಗಿಯನ್ನು ಕಂಡಂತೆ ಮುಖ ಅರಳಿಸಿದರು.

"ನೀರು ಬಂದಾವ ಬಾ! ನಿನ್ನ ಕೊಡ ಎಲ್ಲೈತಿ? ಲಗೂ ಹಿಡಿ, ಹೋಗಿಬಿಡ್ತಾವ."

ಕಾಕಾ ಒದ್ದೆ ಕೈಗಳನ್ನು ಜೋಡಿಸಿದರು. "ತಂಗೀ, ಕೈ ಮುಗೀತೀನಿ. ಓನರ್‌ಗೆ ಹೇಳಬ್ಯಾಡ."

ಆಮೇಲೆ ಅವರು ಹೇಳಿದ್ದು: ಮದುವೆಯಾಗಿ ಬಂದ ಹೊಸತರಲ್ಲಿ ಅವರು ಜೋಗೇಶ್ವರಿಯ ಒಂದು ಚಾಳಿನ ಒಂಟಿ ಕೋಣೆಯಲ್ಲಿದ್ದರು. ಬೆಳಕು ಹರಿಯುವ ಮೊದಲು ಅಲ್ಲಿನ ಸಾರ್ವಜನಿಕ ನಲ್ಲಿಯಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತಿತ್ತು. ತಪ್ಪಿದರೆ ಆ ದಿನವೆಲ್ಲ ಒಣ. ಕಾಕುವಿನ ನೆನಪು ಒಂದೊಂದಾಗಿ ಕಳಚಿ ಬಿದ್ದು, ಕೊನೆಗೆ ಆ ನಲ್ಲಿಯ ಹತ್ತಿರ ಹೋಗಿ ನಿಂತಿತ್ತು. ದಿನದಲ್ಲಿ ಯಾವಾಗೆಂದರೆ ಆವಾಗ "ನೀರು ಬಂತು" ಎಂದು ಏಳುತ್ತಿದ್ದರು. ನಲ್ಲಿಗೆ ಬಟ್ಟೆ ಕಟ್ಟಿದರೆ ಬಿಚ್ಚುತ್ತಿದ್ದರು. ನೀರಿನ ವಾಲ್ವ್ ಮುಚ್ಚಿದರೆ, ಮನೆಯಲ್ಲಿ ಯಾರೋ ಸತ್ತಂತೆ ಎದೆ ಬಡಿದುಕೊಂಡು ಅಳುತ್ತಿದ್ದರು. ರಾತ್ರಿ ಅವರು ಮಲಗುತ್ತಿರಲಿಲ್ಲ, ಹಾಗಾಗಿ ಕಾಕಾ ಕೂಡ. ಮಧ್ಯಾಹ್ನ ಕೂತಲ್ಲೇ ಕಾಕಾನ ಕಣ್ಣು ಮುಚ್ಚಿದರೆ ಸಾಕು… ಆ ನೀರು ಹಳೆಯ ಸ್ಲ್ಯಾಬಿನೊಳಗೆ ಇಳಿದು ನಮ್ಮ ಸೀಲಿಂಗ್‌ಗೆ ಬರುತ್ತಿತ್ತು.

"ಮನಿ ಬಿಡಿಸ್ತಾರ ಅಂತ ಅಂಜಿಕಿ ನನಗ" ಎಂದರು. "ಈ ರೋಗಾ ಶುರುವಾದ ಮ್ಯಾಲೆ ಎರಡು ಮನಿ ಬಿಟ್ಟೀವಿ. ಮೊದಲನೇದು ಬಿಟ್ಟಾಗ ಹಾದಿ ಮರತಳು. ಎರಡನೇದು ಬಿಟ್ಟಾಗ ಹಿಂದಿ, ಮರಾಠಿ ಎಲ್ಲಾ ಮರತು ಬರೇ ನಮ್ಮ ಹಳ್ಳಿ ಮಾತು ಉಳೀತು. ಈ ಮನೀನೂ ಬಿಟ್ಟರ ನನ್ನ ಮರೀತಾಳ, ತಂಗಿ."

ನಾನು ಆ ದಿನ ಅವರ ಜೊತೆ ಕೂತು ನೀರು ಬಳಿದೆ. ಸಂಜೆ ಗಂಡನಿಗೆ ಹೇಳಿದಾಗ ಅವರು ಸಿಟ್ಟಾದರು. ಮಗುವಿನ ತಲೆಯ ಮೇಲೆ ಬೋರ್ಡೇ ಕಳಚಿ ಬಿದ್ದರೆ ಯಾರು ಗತಿ ಎಂದು ಕೇಳಿದರು. ಮಂಚವನ್ನು ಆಚೆ ಗೋಡೆಯ ಬದಿಗೆ ಎಳೆದು, ತೊಟ್ಟಿಲನ್ನು ಅಡುಗೆಮನೆಗೆ ಸಾಗಿಸಿದೆವು. ಮುಂದಿನ ರಜೆಯ ದಿನ ನನ್ನ ಗಂಡ ಖಡಾಖಂಡಿತ ಮಾತಾಡಿ ಬರುತ್ತೇನೆಂದು ಮೇಲೆ ಹೋದರು. ಕಾಕು ಅವರಿಗೆ ತಂಬಿಗೆಯಲ್ಲಿ ನೀರು ಕೊಟ್ಟು, ತನ್ನ ತಮ್ಮನೆಂದು ತಿಳಿದು, ತವರಿನ ಎಮ್ಮೆ ಕರು ಹಾಕಿತೇ ಎಂದು ವಿಚಾರಿಸಿದರಂತೆ. ಇವರು "ಹಾಕಿತು, ಹೆಣ್ಣುಗರು" ಎಂದು ಹೇಳಿ ಬಂದರು. ಮತ್ತೆಂದೂ ದೂರಿನ ಮಾತೆತ್ತಲಿಲ್ಲ.

ಆ ಮಳೆಗಾಲವಿಡೀ ಕಾಕಾ ನಮ್ಮ ಸೀಲಿಂಗ್ ಮೆತ್ತುತ್ತಲೇ ಇದ್ದರು. ಬರುವಾಗ ಕಾಕುವನ್ನೂ ಕೈಹಿಡಿದು ಕರೆತರುತ್ತಿದ್ದರು. ಕಾಕು ಅಡುಗೆಮನೆಯಲ್ಲಿ ತೊಟ್ಟಿಲ ಪಕ್ಕ ಕೂತು ತೂಗುತ್ತಿದ್ದರು. ಮೊದಮೊದಲು ನನಗೆ ಹೆದರಿಕೆಯಿತ್ತು, ನಿಜ. ಆದರೆ ಆ ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ತೂಗುವ ಲಯ ಒಮ್ಮೆಯೂ ತಪ್ಪುತ್ತಿರಲಿಲ್ಲ, ನನ್ನ ಮಗಳು ನನ್ನ ಬಳಿಗಿಂತ ಅವರ ಬಳಿ ಬೇಗ ಮಲಗುತ್ತಿದ್ದಳು. ಇತ್ತ ಕಾಕಾ ಸ್ಟೂಲಿನ ಮೇಲೆ ಕತ್ತೆತ್ತಿ ನಿಂತು ಪುಟ್ಟಿ ಎಳೆಯುವರು. ನಾನು ಸ್ಟೂಲು ಹಿಡಿದಿರುವೆ. ಒಣಗುವ ಮೊದಲೇ ಮತ್ತೆ ನೀರು ಬರುತ್ತದೆಂದು ಇಬ್ಬರಿಗೂ ಗೊತ್ತು. ಆದರೂ ಅವರು ಮೆತ್ತುವರು. ಒಮ್ಮೆ ಕೆಳಗೆ ನೋಡದೆಯೇ ಕೇಳಿದರು: "ನಾ ಮೊದಲು ಹೋದರ ಇಕೀನ್ನ ಯಾರು ನೋಡ್ತಾರ, ತಂಗಿ?"

ನಾನು ಸ್ಟೂಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಶ್ರಾವಣದ ಹೊತ್ತಿಗೆ ನಮ್ಮ ಬಾಡಿಗೆಯ ಕರಾರು ಮುಗಿಯುತ್ತ ಬಂತು. ಭಾನುವಾರ ಬಂದು ಮನೆ ನೋಡುತ್ತೇನೆಂದು ಮಾಲಕ ಫೋನ್ ಮಾಡಿದ. ಹಿಂದೊಮ್ಮೆ ಮೆಟ್ಟಿಲ ಮೇಲೆ ನೀರು ಹರಿದಾಗಲೇ ಅವನು ಕಾಕಾಗೆ, ಇನ್ನೊಮ್ಮೆ ಹೀಗಾದರೆ ಮನೆ ಖಾಲಿ ಮಾಡಬೇಕು ಎಂದಿದ್ದ. ಸೀಲಿಂಗ್‌ನ ಆ ಭಾಗವೋ ನೆನೆದು ನೆನೆದು, ತುಂಬಿದ ಚೀಲದಂತೆ ಜೋತುಬಿದ್ದಿತ್ತು. ಈ ಸಲ ಪುಟ್ಟಿಯಿಂದ ಆಗುವಂತಿರಲಿಲ್ಲ. ಯಾರನ್ನಾದರೂ ಕರೆಸೋಣವೆಂದರೆ ಕಾಕಾ ಒಪ್ಪಲಿಲ್ಲ. ಕೆಲಸದವರು ಮೇಲೆ ಸೋರುವ ಜಾಗ ಹುಡುಕಿಕೊಂಡು ಬಂದೇ ಬರುತ್ತಾರೆ, ಮಾತು ಮಾಲಕನ ಕಿವಿಗೆ ಹೋಗುತ್ತದೆ ಎಂಬ ಭಯ. ಶುಕ್ರವಾರ ಸುರಿಯುವ ಮಳೆಯಲ್ಲಿ ಒಂದು ಹೊಸ ಬೋರ್ಡಿನ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಂದರು. ತಾವು ಪೂರ್ತಿ ತೊಯ್ದಿದ್ದರು, ಬೋರ್ಡಿಗೆ ಹನಿ ತಾಗಿರಲಿಲ್ಲ.

ಹಳೆಯ ಭಾಗವನ್ನು ಕುಯ್ದು ಇಳಿಸಿದೆವು. ಮನೆ ತುಂಬ ಬಿಳಿ ಧೂಳು. ಮಗು ಕೆಮ್ಮಬಾರದೆಂದು ಅಡುಗೆಮನೆಯ ಬಾಗಿಲು ಮುಚ್ಚಿದೆ. ಕಾಕುವನ್ನು ಹೊರಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿದೆವು. ಹೊಸ ತುಂಡು ಭಾರವಿತ್ತು. ಒಬ್ಬರು ಎತ್ತಿ ಹಿಡಿದರೆ ಮಾತ್ರ ಇನ್ನೊಬ್ಬರು ಸ್ಕ್ರೂ ಹಾಕಲು ಸಾಧ್ಯ. ನಾನು ಮಂಚವನ್ನು ಮತ್ತೆ ಅದರ ಕೆಳಗೆ ಎಳೆದು, ಮೇಲೆ ನಿಂತು ಎರಡೂ ಕೈ ಎತ್ತಿ ಬೋರ್ಡನ್ನು ತಲೆಯಿಂದಲೂ ಒತ್ತಿ ಹಿಡಿದೆ. ಕಾಕಾ ಸ್ಟೂಲಿನ ಮೇಲೆ. ಸ್ಕ್ರೂ ಅವರ ಬೆರಳಿನಿಂದ ಜಾರಿ ಬೀಳುತ್ತಿತ್ತು, ಮತ್ತೊಂದು ತೆಗೆಯುತ್ತಿದ್ದರು. "ಇನ್ನೊಂದ ಸ್ವಲ್ಪ ತಂಗಿ, ಇನ್ನೊಂದ ಸ್ವಲ್ಪ" ಎನ್ನುತ್ತಿದ್ದರು. ಕೊನೆಗೆ ಕೈ ಇಳಿಸಿ ತಿರುಗಿ ನೋಡಿದರೆ ಕುರ್ಚಿ ಖಾಲಿ.

ಮೇಲಿನ ಮನೆಯಲ್ಲಿ ಇರಲಿಲ್ಲ. ಟೆರೇಸಿನಲ್ಲಿ ಇರಲಿಲ್ಲ. ಚಪ್ಪಲಿ ಬಾಗಿಲ ಬಳಿಯೇ ಇತ್ತು. ಕಾಕು ತಂಬಿಗೆ ಹಿಡಿದು ಗೇಟು ದಾಟಿದ್ದನ್ನು ವಾಚ್‌ಮನ್ ನೋಡಿದ್ದ, ಹಾಲಿಗೆ ಹೊರಟಿದ್ದಾರೆ ಅಂದುಕೊಂಡಿದ್ದ.

ಕಾಕಾ ಹಾಗೆಯೇ ಓಡಿದರು. ತಲೆ, ಹುಬ್ಬು, ಅಂಗಿ ಎಲ್ಲ ಬಿಳಿ. ನಾನು ಮಗುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹಿಂದೆ ಓಡಿದೆ. ಸ್ಟೇಷನ್ನಿನ ರಸ್ತೆ, ತರಕಾರಿ ಮಾರುವವರ ಸಾಲು, ಪ್ಲ್ಯಾಟ್‌ಫಾರಂ, ಹೈವೇ. ಆಫೀಸು ಬಿಡುವ ಹೊತ್ತು, ಮಳೆ, ಕೊಡೆಗಳ ಕೆಳಗೆ ಮುಖಗಳೇ ಕಾಣುವುದಿಲ್ಲ. ಕಾಕಾ ಎದುರಿಗೆ ಬಂದವರನ್ನೆಲ್ಲ ತಡೆದು "ಮೇರಾ ಮಿಸೆಸ್ ದೇಖಾ ಕ್ಯಾ?" ಎಂದು ಕೇಳುತ್ತಿದ್ದರು. ಜನ ಅವರ ಬಿಳಿ ಬಳಿದ ಮುಖ ನೋಡಿ ಸರಿದು ಹೋಗುತ್ತಿದ್ದರು. ಪೊಲೀಸ್ ಸ್ಟೇಷನ್ನಿನಲ್ಲಿ ಬರೆದುಕೊಳ್ಳುವವನು, ಯಾವ ಭಾಷೆ ಮಾತಾಡುತ್ತಾರೆ ಎಂದು ಕೇಳಿದ. ಬರೀ ಕನ್ನಡ ಎಂದೆ. ನಲವತ್ತು ವರ್ಷ ಬಾಳಿದ ಊರಲ್ಲಿ, ನೀರು ಬೇಕೆಂದು ಕೇಳಿದರೂ ಅರ್ಥವಾಗದ ಜನರ ನಡುವೆ ಅವರು ಎಲ್ಲೋ ನಡೆಯುತ್ತಿದ್ದರು.

ನನ್ನ ಗಂಡ ಹೋಟೆಲಿನ ಗಲ್ಲೆ ಬಿಟ್ಟು ಬಂದರು. ಕಾಕುವಿನ ಫೋಟೋವನ್ನು ಜೆರಾಕ್ಸ್ ಮಾಡಿಸಿ ನಮ್ಮ ಊರ ಕಡೆಯ ಹೋಟೆಲಿನವರಿಗೆಲ್ಲ ಕಳಿಸಿದರು. ಪಾರ್ಲೆ, ಅಂಧೇರಿ, ಸಾಂತಾಕ್ರೂಜ್, ಎಲ್ಲೆಲ್ಲಿ ನಮ್ಮ ಕಡೆಯವರ ಹೋಟೆಲಿದೆಯೋ ಅಲ್ಲೆಲ್ಲ. ಕಪ್ಪು ಬಸಿ ತೊಳೆಯುವವರವರೆಗೂ ಆ ಫೋಟೋ ಹೋಯಿತು. ಯಾರೂ ಕಂಡಿರಲಿಲ್ಲ.

ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಹುಡುಕಿದ್ದೂ ಕಾಕಾನೇ. ಮೊದಲ ಲೋಕಲ್ ಹಿಡಿದು ಅವರು ಜೋಗೇಶ್ವರಿಗೆ, ತಾವು ಮೊದಲು ಬಾಳುವೆ ಮಾಡಿದ್ದ ಗಲ್ಲಿಗೆ ಹೋದರು. ನನ್ನ ಗಂಡ ಜೊತೆಗಿದ್ದರು, ಅವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಹಳೆಯ ಚಾಳು ಅರ್ಧ ಉರುಳಿತ್ತು, ಆದರೆ ಸಾರ್ವಜನಿಕ ನಲ್ಲಿ ಅಲ್ಲೇ ಇತ್ತು. ನೀರಿಗೆ ನಿಂತ ಹೆಂಗಸರ ಪಾಳಿಯಲ್ಲಿ ಕಾಕು ತಂಬಿಗೆ ಹಿಡಿದು ನಿಂತಿದ್ದರು. ಗಾರೆ ಕೆಲಸಕ್ಕೆ ಹೋಗುವ ಕೊಪ್ಪಳ ಕಡೆಯ ಹೆಂಗಸೊಬ್ಬಳು ಅವರ ಮಾತು ಕೇಳಿಸಿಕೊಂಡು, ತನ್ನ ಖೋಲಿಯಲ್ಲಿ ಮಲಗಿಸಿ ರೊಟ್ಟಿ ಕೊಟ್ಟಿದ್ದಳಂತೆ. ಕಾಲು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಕಾಕಾ ಹತ್ತಿರ ಹೋಗಿ ಮೊಣಕೈ ಹಿಡಿದಾಗ ಕಾಕು ಗದರಿದರು: "ಪಾಳೇ ತಪ್ಪಿಸಬ್ಯಾಡ್ರಿ. ನಿಮ್ಮದು ಹಿಂದೈತಿ."

ಕಾಕಾ ಹಿಂದೆ ಹೋಗಿ ನಿಂತರು. ಪಾಳಿ ಬಂದು ತಂಬಿಗೆ ತುಂಬುವವರೆಗೂ ನಿಂತಿದ್ದು ಕರೆದುಕೊಂಡು ಬಂದರು.

ಭಾನುವಾರ ಮಾಲಕ ಬಂದ. ಅಷ್ಟರೊಳಗೆ ಬಿಲ್ಡಿಂಗಿಗೆಲ್ಲ ಸುದ್ದಿಯಾಗಿತ್ತು. ಹೊಸ ಬೋರ್ಡಿನ ಸುತ್ತ ಮೆತ್ತದ ಸಂದುಗಳು ಹಾಗೆಯೇ ಬಾಯಿ ಬಿಟ್ಟಿದ್ದವು. ಅವನೇನೂ ಕೂಗಾಡಲಿಲ್ಲ. ನಾಳೆ ಆಕೆ ಗ್ಯಾಸ್ ತೆರೆದಿಟ್ಟರೆ, ಮೇಲಿಂದ ಬಿದ್ದರೆ, ಯಾರು ಜವಾಬ್ದಾರರು ಎಂದು ಹಿಂದಿಯಲ್ಲಿ ಕೇಳಿದ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಕಾಕಾಗೆ ಹೇಳಿದ. ನಾವಿಬ್ಬರೂ ಬೇಡಿಕೊಂಡೆವು. ಸೀಲಿಂಗ್ ಸೋರಿದರೆ ನಮಗೆ ತೊಂದರೆಯಿಲ್ಲ ಎಂದೂ ನನ್ನ ಗಂಡ ಹೇಳಿದರು. ಅವನು ಹೋದ ಮೇಲೆ ಕಾಕಾ ಪುಟ್ಟಿ ಕಲಸಿ, ಸ್ಟೂಲು ಹತ್ತಿ, ಉಳಿದ ಸಂದುಗಳನ್ನು ಮುಚ್ಚತೊಡಗಿದರು. "ಬೇಡ ಬಿಡಿ ಕಾಕಾ, ಇನ್ನು ಯಾರಿಗಾಗಿ?" ಎಂದೆ.

"ಕೂಸಿನ ಮ್ಯಾಲೆ ಧೂಳು ಬೀಳ್ತದವಾ" ಎಂದರು.

ಅವರು ಜೋಗೇಶ್ವರಿಯ ಅದೇ ಗಲ್ಲಿಯಲ್ಲಿ, ಆ ಕೊಪ್ಪಳದ ಹೆಂಗಸು ಕೊಡಿಸಿದ ಖೋಲಿಗೆ ಹೋದರು. ದಿನಾ ಬೆಳಿಗ್ಗೆ ಕಾಕುವನ್ನು ಪಾಳಿಯಲ್ಲಿ ನಿಲ್ಲಿಸಿದರೆ ಆ ದಿನವೆಲ್ಲ ಅವರು ಶಾಂತವಾಗಿರುತ್ತಿದ್ದರಂತೆ. ಕೇಳಿ ನನಗೆ ಸಮಾಧಾನವಾಗಿತ್ತು, ಅಂತೂ ಒಂದು ದಡ ಸಿಕ್ಕಿತಲ್ಲ ಎಂದು. ದೀಪಾವಳಿ ಕಳೆದ ಮೇಲೆ ಮಗಳನ್ನು ಎತ್ತಿಕೊಂಡು ನೋಡಲು ಹೋದೆ. ಕಾಕಾ ಹೊಸಿಲ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕಾಕು ಒಳಗೆ ಅಕ್ಕಿ ಆರಿಸುತ್ತಿದ್ದರು.

"ಆತು ತಂಗಿ, ನಾ ಅಂದಂಗ ಆತು" ಎಂದರು ಕಾಕಾ, ಮೆಲ್ಲಗೆ. "ನನ್ನ ಗುರ್ತು ಉಳಿದಿಲ್ಲ. 'ನಮ್ಮ ಯಜಮಾನ್ರು ಡ್ಯೂಟಿಗೆ ಹೋಗ್ಯಾರ, ಬರೂತನಕ ಹೊರಗ ಕೂಡ್ರಿ' ಅಂತಾಳ. ದಿನಾ ಇಲ್ಲೇ ಕುಂತು ನನ್ನ ಹಾದಿ ನಾನ ಕಾಯ್ತೀನಿ."

ನಗಲು ನೋಡಿದರು. ಆಗಲಿಲ್ಲ. ಒಳಗಿನಿಂದ ಕಾಕು ನನ್ನನ್ನು ಕರೆದು, ಹೊರಗೆ ಕೂತಿರುವವರು ಪಾಪ ಯಾರದೋ ಮನೆಯ ಹಿರಿಯರು, ಅವರಿಗೂ ಒಂದು ಲೋಟ ಚಹಾ ಕೊಡು ಎಂದು ಪಿಸುಗುಟ್ಟಿದರು.

ಚಳಿಗಾಲ ಮುಗಿಯುವ ಮೊದಲೇ ಕಾಕಾ ಹೋದರು. ಹಾಲು ತರಲು ಹೋದವರು ಅಂಗಡಿಯ ಮುಂದೆ ಕುಸಿದರಂತೆ. ನಾವು ತಲುಪುವಷ್ಟರಲ್ಲಿ ಗಲ್ಲಿಯ ಗಂಡಸರು ಎಲ್ಲ ಸಿದ್ಧ ಮಾಡಿದ್ದರು. ಹೆಂಗಸರು ಕಾಕುವನ್ನು ಕರೆತಂದು ಮುಖ ತೋರಿಸಿದರು. ಅವರು ನೋಡಿದರು, "ಅಯ್ಯ ಪಾಪ, ಯಾರೋ ಏನೋ" ಎಂದರು. ಸೆರಗು ಸರಿಮಾಡಿಕೊಂಡು, ಯಜಮಾನರು ಬರುವ ಹೊತ್ತಾಯಿತು, ಒಲೆ ಹಚ್ಚಬೇಕು ಎಂದು ಒಳಗೆ ಹೋದರು. ಗದಗದಿಂದ ಕಾಕಾನ ಅಣ್ಣನ ಮಗ ಬಂದು, ಕೆಲವು ದಿನಗಳ ಮೇಲೆ ಅವರನ್ನು ಊರಿಗೆ ಕರೆದೊಯ್ದ. ಮುಂದಿನ ಮಳೆಗಾಲದಲ್ಲಿ ಕಾಕು ಕೂಡ ಹೋದರೆಂದು ಅವನೇ ಫೋನ್ ಮಾಡಿ ಹೇಳಿದ.

ಪೇಂಟರ್ ಕೆಲಸ ಮುಗಿಸಿ ಹೋಗಿ ಇಂದಿಗೆ ವಾರವಾಯಿತು. ಸೀಲಿಂಗ್ ನುಣ್ಣಗಿದೆ, ಎಲ್ಲಿ ಒಡೆದಿತ್ತೆಂದು ತೋರಿಸಲು ಹೋದರೆ ನನಗೇ ಸಿಗುವುದಿಲ್ಲ. ಈಗ ಕಾಲೇಜಿಗೆ ಹೋಗುವ ನನ್ನ ಮಗಳಿಗೆ, ತನ್ನ ತೊಟ್ಟಿಲು ತೂಗಿದವರ ನೆನಪಿಲ್ಲ. ನಿನ್ನೆ ಅವಳಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಕೇಳಿದಳು: "ಫಿರ್ ಆ ಕಾಕಾಗೆ ಅಳೋರು ಯಾರಿದ್ರು, ಅಮ್ಮ?"

ಯಾರೂ ಇರಲಿಲ್ಲ. ಅಳಬೇಕಾದವರು ಒಲೆ ಹಚ್ಚಿ ಅವರ ಹಾದಿ ಕಾಯುತ್ತಿದ್ದರು. ಹಾಗಾಗಿ ಆ ಅಳು ಯಾರ ಪಾಲಿಗೂ ಸೇರದೆ ಉಳಿದುಬಿಟ್ಟಿತ್ತು… ಪೇಂಟರ್ ಬಂದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾನು ಅತ್ತದ್ದು ಆ ಅಳುವನ್ನೇ.